ಮಾಮೂಲಿ ತಿರುವು

ನಮ್ಮ ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ ಯಾವ ವಿಷಯ ಕೊಟ್ಟು ಪ್ರಬಂಧ ಬರೆಯಿರಿ ಎಂದರೂ ಅದು ‘ಕರ್ನಾಟಕದ ಕಾಶ್ಮೀರವೆಂದು ಹೆಸರಾದ ಕೊಡಗು’ ಎಂದೇ ಶುರುವಾಗುತ್ತದೆ. ವಿಷಯ ಪ್ರವಾಸೋದ್ಯಮವಾದರೆ ಸರಿ. ಕಸ ವಿಲೇವಾರಿಗೂ ಅದೇ, ವರದಕ್ಷಿಣೆಗೂ ಅದೇ. ಎಷ್ಟು ಎಳೆದರೂ ಕೊಡಗು ಬಾರದ ವಿಷಯವಾದರೆ ‘ಇಂದಿನ ಆಧುನಿಕ ಯುಗದಲ್ಲಿ’ ಎಂಬ ಇನ್ನೊಂದು ಬಾಗಿಲು ಯಾವಾಗಲೂ ತೆರೆದಿರುತ್ತದೆ. ಉಪಸಂಹಾರಗಳನ್ನಂತೂ ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಜೋಡಿಸಬಹುದು. ಒಬ್ಬ ಪುಣ್ಯಾತ್ಮ ಪರಿಸರ ಮಾಲಿನ್ಯದ ಉಪಸಂಹಾರವನ್ನು ಮೊಬೈಲ್ ಚಟದ ಪ್ರಬಂಧಕ್ಕೆ ಹಾಕಿ, ಪ್ರತಿಯೊಬ್ಬರೂ ಮನೆಗೊಂದು ಗಿಡ ನೆಟ್ಟರೆ ಈ ಪಿಡುಗಿನಿಂದ ಪಾರಾಗಬಹುದು ಎಂದು ಬರೆದಿದ್ದ. ಯೋಚಿಸಿ ನೋಡಿದರೆ ಅದೂ ನಿಜವೇ ಇರಬಹುದು.

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ಖಾನೆ ತೋರಿಸಿ, ತುಂಬಿಸಿದರೆ ಅಂಕ ಎಂದು ಕಲಿಸಿದವರು ನಮ್ಮಂಥವರೇ. ಕಾಲೇಜಿಗೆ ಬಂದ ಹುಡುಗರಿಗೆ ನಾಲ್ಕು ಸಾಲು ಸ್ವಂತವಾಗಿ ಬರೆಯಲು ಬರುವುದಿಲ್ಲ ಎಂಬ ಗೋಳು ನಮ್ಮೂರಿನದಷ್ಟೇ ಅಲ್ಲ ಎಂಬುದೊಂದು ಸಮಾಧಾನ. ಅಮೆರಿಕದ ಹಾರ್ವರ್ಡ್‌ನಲ್ಲಿ 1885ರಲ್ಲೇ ಮೊದಲ ವರ್ಷದವರಿಗೆ ಬರವಣಿಗೆಯ ಪಾಠವನ್ನು ಕಡ್ಡಾಯ ಮಾಡಿದ್ದರು. ಅಂದಿನಿಂದ ಮೇಷ್ಟ್ರುಗಳು ಒಂದೊಂದೇ ಮದ್ದು ಅರೆಯುತ್ತ ಬಂದಿದ್ದಾರೆ. ಬಯಲುಸೀಮೆಯಿಂದ ವರ್ಗವಾಗಿ ಕೊಡಗಿಗೆ ಬಂದ ನಾನು ಅವುಗಳಲ್ಲಿ ಹಲವನ್ನು ನನ್ನ ತರಗತಿಗೆ ಕುಡಿಸಿದ್ದೇನೆ.

ಮೊದಲನೆಯದು ವ್ಯಾಕರಣ. ಸಂಧಿ, ಸಮಾಸ, ವಿಭಕ್ತಿ ಎಲ್ಲ ಆಯಿತು. ಲೋಪಸಂಧಿಯನ್ನು ಕಣ್ಣುಮುಚ್ಚಿ ಗುರುತಿಸುತ್ತಿದ್ದವರು ತಮ್ಮ ವಾಕ್ಯಗಳಲ್ಲಿ ಕ್ರಿಯಾಪದವನ್ನೇ ಲೋಪ ಮಾಡುತ್ತಿದ್ದರು. ಅಮೆರಿಕದ ಸಂಶೋಧಕ ರಿಚರ್ಡ್ ಬ್ರಾಡಾಕ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಬರೀ ವ್ಯಾಕರಣ ಕಲಿಸಿದರೆ ಬರವಣಿಗೆ ಸುಧಾರಿಸುವುದಿಲ್ಲ, ಬರೆಯುವ ಸಮಯವನ್ನು ಅದು ನುಂಗುವುದರಿಂದ ಕೆಡುಕೇ ಆದೀತು ಎಂದು 1963ರಲ್ಲೇ ಹೇಳಿದ್ದರು. ಈ ಸುದ್ದಿ ಘಟ್ಟ ಹತ್ತಿ ಇನ್ನೂ ಪೂರ್ತಿ ಮೇಲೆ ಬಂದಿಲ್ಲ.

ಆಮೇಲೆ ಅಲ್ಲಿಯದೇ ಇನ್ನೊಬ್ಬ ಮೇಷ್ಟ್ರು ಪೀಟರ್ ಎಲ್ಬೋ ಹೇಳಿದ ದಾರಿ. 1973ರಿಂದ ಹೆಸರಾದದ್ದು: ಹತ್ತು ನಿಮಿಷ ಪೆನ್ನು ಎತ್ತದೆ, ಹಿಂದೆ ತಿರುಗಿ ನೋಡದೆ, ತಪ್ಪು ತಿದ್ದದೆ ಬರೆಯುತ್ತಲೇ ಇರಬೇಕು. ಏನೂ ಹೊಳೆಯದಿದ್ದರೆ ‘ಏನೂ ಹೊಳೆಯುತ್ತಿಲ್ಲ’ ಎಂದೇ ಬರೆಯಬಹುದು. ಜುಲೈ ತಿಂಗಳು, ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು. ನಾನು ಕೂಗಿ ಹೇಳಿದ್ದರಲ್ಲಿ ಆ ಕೊನೆಯ ಮಾತು ಮಾತ್ರ ಹಿಂದಿನ ಬೆಂಚಿನವರೆಗೆ ತಲುಪಿತೆಂದು ಕಾಣುತ್ತದೆ. ಇಡೀ ಸಾಲು ಹಾಳೆಯ ತುಂಬ ಏನೂ ಹೊಳೆಯುತ್ತಿಲ್ಲ ಎಂದು ಮುದ್ದಾಗಿ ಬರೆದುಕೊಟ್ಟಿತು. ಅಕ್ಷರ ದುಂಡಗಾದದ್ದು ಲಾಭ.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದುವ ಪದ್ಧತಿಯೂ ಉಂಟು. ಅದು ನಡೆಯಬೇಕಾದರೆ ಓದುವವನು ಪರಕೀಯನಾಗಿರಬೇಕು. ಇಲ್ಲಿ ಒಬ್ಬಳು ಇನ್ನೊಬ್ಬಳಿಗೆ ಅತ್ತೆಯ ಮಗಳು, ಮತ್ತೊಬ್ಬನ ಅಪ್ಪ ಮಗದೊಬ್ಬನ ತೋಟಕ್ಕೆ ಮೆಣಸು ಕೊಯ್ಯಲು ಹೋಗುವವರು. ಎಲ್ಲರೂ ಎಲ್ಲರಿಗೂ ‘ತುಂಬಾ ಚೆನ್ನಾಗಿದೆ’ ಎಂದು ಬರೆದರು. ನೆರೆಹೊರೆಯ ಸಂಬಂಧ ಕೆಡಿಸಿಕೊಂಡು ಯಾರು ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡುತ್ತಾರೆ?

ಕೊನೆಗೆ ಕೈಹಿಡಿದವರು ಬರವಣಿಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ಲಿಂಡಾ ಫ್ಲವರ್. 1979ರಲ್ಲಿ ಅವರು ಹೇಳಿದ್ದು ಇಷ್ಟೇ: ಕಲಿಯುವ ಹಂತದಲ್ಲಿರುವವರು ತಮಗಾಗಿ ಬರೆಯುತ್ತಾರೆ, ಓದುವವರಿಗಾಗಿ ಅಲ್ಲ. ತಮ್ಮ ತಲೆಯಲ್ಲಿರುವುದು ಓದುವವರ ತಲೆಯಲ್ಲೂ ಇದೆ ಎಂದುಕೊಂಡಿರುತ್ತಾರೆ. ಹಾಗಾದರೆ ಏನೂ ಗೊತ್ತಿಲ್ಲದ ಓದುಗರೊಬ್ಬರನ್ನು ಮುಂದೆ ನಿಲ್ಲಿಸಬೇಕು. ಕೊಡಗಿನ ದಾರಿಗಳ ವಿಷಯದಲ್ಲಿ ಅಂಥ ಓದುಗರು ನನಗಿಂತ ಬೇಕೆ? ‘ಕಾಲೇಜಿನಿಂದ ನಿಮ್ಮ ಮನೆಗೆ ಬರುವ ದಾರಿ ಬರೆಯಿರಿ. ಒಂದನ್ನು ಚೀಟಿ ಎತ್ತಿ ಆರಿಸುತ್ತೇನೆ, ಭಾನುವಾರ ಅದನ್ನು ಹಿಡಿದುಕೊಂಡು ಬರುತ್ತೇನೆ. ಫೋನ್ ಮಾಡುವುದಿಲ್ಲ’ ಎಂದೆ. ತರಗತಿ ಮೊದಲ ಬಾರಿಗೆ ಮಳೆಯನ್ನು ಮೀರಿ ಗದ್ದಲ ಮಾಡಿತು.

ಚೀಟಿ ಎತ್ತಿದಾಗ ಬಂದದ್ದು ಈ ಬರಹ. ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ: ‘ನಾಪೋಕ್ಲು ಕಡೆಯ ಬಸ್ ಹತ್ತಿ ನಮ್ಮ ಸ್ಟಾಪಿನಲ್ಲಿ ಇಳಿಯಬೇಕು. ಅಂಗಡಿಯ ಪಕ್ಕದ ರಸ್ತೆಯಲ್ಲಿ ಬಂದು ಮಾಮೂಲಿ ತಿರುವಿನಲ್ಲಿ ತಿರುಗಬೇಕು. ಹಲಸಿನ ಮರ ಇದ್ದಲ್ಲಿ ಕಡಂಗ ದಾಟಿದರೆ ದೊಡ್ಡಪ್ಪನ ತೋಟ. ಅಲ್ಲಿಂದ ಕಾಣುವುದೇ ನಮ್ಮ ಮನೆ.’

ನಮ್ಮ ಸ್ಟಾಪು ಎಂದರೆ ಯಾವುದು ಎಂದು ಬರೆದ ಹುಡುಗನನ್ನು ಕೇಳಿದೆ. ‘ಎಲ್ಲರೂ ಇಳಿಯುವ ಸ್ಟಾಪು ಮೇಡಂ’ ಎಂದ. ಆದರೂ ಕಂಡಕ್ಟರ್ ಕಾಪಾಡಿದರು. ಹುಡುಗನ ಮನೆತನದ ಹೆಸರು ಹೇಳಿದ್ದೇ ತಡ, ಸರಿಯಾದ ಜಾಗದಲ್ಲಿ ಸೀಟಿ ಊದಿ ಇಳಿಸಿ, ‘ಕೊಡೆ ಗಟ್ಟಿಯಾಗಿ ಹಿಡಿದುಕೊಳ್ಳಿ’ ಎಂದು ಹರಸಿ ಹೋದರು.

ಅಂಗಡಿ ಇರಲಿಲ್ಲ. ಅಂಗಡಿ ಇದ್ದ ಕಟ್ಟಡ ಹೋಂಸ್ಟೇ ಆಗಿತ್ತು. ಊರಿನವರ ಬಾಯಲ್ಲಿ ಅದು ಇನ್ನೂ ಅಂಗಡಿಯೇ. ಒಳಗಿದ್ದವರು ನನ್ನನ್ನು ನೋಡಿ ಉತ್ಸಾಹದಿಂದ ಎದ್ದು ‘ಎಷ್ಟು ಜನ ಮೇಡಂ? ಊಟ ಸೇರಿಸಿಯಾ?’ ಎಂದು ಕೇಳಿದರು. ಶಿಷ್ಯನ ಮನೆ ಹುಡುಕುತ್ತಿದ್ದೇನೆ ಎಂದಾಗ ಅವರಿಗಾದ ನಿರಾಸೆಯಿಂದ ಚೇತರಿಸಿಕೊಳ್ಳಲಿ ಎಂದು ನಾನು ಅಲ್ಲಿ ಹೆಚ್ಚು ನಿಲ್ಲಲಿಲ್ಲ.

ಪಕ್ಕದ ರಸ್ತೆ ಹಿಡಿದರೆ ತಿರುವುಗಳಿಗೇನೂ ಕೊರತೆ ಇರಲಿಲ್ಲ, ಆದರೆ ಯಾವುದೂ ತಾನೇ ಮಾಮೂಲಿ ಎಂದು ಹೇಳಿಕೊಳ್ಳಲಿಲ್ಲ. ಅತಿ ಸಾಮಾನ್ಯವಾಗಿ ಕಂಡದ್ದರಲ್ಲಿ ತಿರುಗಿದೆ. ಹಲಸಿನ ಮರ ‘ಇದ್ದಲ್ಲಿ’ ಎಂಬುದು ಭೂತಕಾಲವೆಂದು ವ್ಯಾಕರಣ ಕಲಿಸುವ ನನಗೆ ಆಗ ಹೊಳೆಯಿತು. ಮರ ಹಿಂದಿನ ಮಳೆಗಾಲದಲ್ಲೇ ಬಿದ್ದುಹೋಗಿತ್ತಂತೆ. ಕಡಂಗವೆಂದರೆ ಗಡಿಗೆಂದೋ ಕಾವಲಿಗೆಂದೋ ಹಿಂದಿನವರು ತೋಡಿದ ಕಂದಕ. ನಾನದನ್ನು ಚರಂಡಿ ಎಂದುಕೊಂಡು ಹಾರಲು ಹೋಗಿ ಅದರೊಳಗೇ ಇಳಿದೆ. ಹತ್ತಿ ಬಂದು ನೋಡಿದರೆ ನಾಲ್ಕು ದಿಕ್ಕಿಗೂ ಕಾಫಿ ಗಿಡ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕರಿಮೆಣಸು, ಮೇಲೆ ಮಂಜು. ‘ಅಲ್ಲಿಂದ ಕಾಣುವುದೇ ನಮ್ಮ ಮನೆ’ ಎಂಬ ವಾಕ್ಯ ಮಾರ್ಚ್ ತಿಂಗಳಲ್ಲಿ ನಿಜವಿರಬಹುದು. ನನಗೆ ಕಂಡದ್ದು ಪಾದದ ಮೇಲಿನ ಜಿಗಣೆ ಮಾತ್ರ. ದಾರಿ ಕೇಳದೆ ನನ್ನನ್ನು ತಲುಪಿದ ಜೀವಿ ಅದೊಂದೇ.

ನಾಯಿ ಬೊಗಳಿದ ಕಡೆಗೆ ನಡೆದೆ. ಒಂದು ಕಣ ಬಂತು, ಆಮೇಲೆ ಒಂದು ಮನೆ, ಜಗಲಿಯ ಮೇಲೆ ಒಬ್ಬ ಅಜ್ಜಿ. ನಾನು ಯಾರು, ಯಾಕೆ ಬಂದೆ ಎಂದು ಕೇಳುವ ಮೊದಲೇ ‘ಬನ್ನಿ ಟೀಚರೇ, ಕೂತುಕೊಳ್ಳಿ’ ಎಂದರು. ಟೀಚರ್ ಎಂದು ಹೇಗೆ ತಿಳಿಯಿತು ಎಂದರೆ, ಈ ಮಳೆಯಲ್ಲಿ ಕಾಗದ ಓದುತ್ತ ತೋಟದಲ್ಲಿ ಸುತ್ತುವವರು ಇನ್ನಾರು ಎಂದರು. ಅಂದು ಆಗಸ್ಟ್ 3, ಕೊಡವರ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟು. ಆ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ ಇಲ್ಲಿಯದು. ಸೊಪ್ಪು ಬೇಯಿಸಿ ಬಸಿದ ನೇರಳೆ ಬಣ್ಣದ ನೀರಿನಲ್ಲಿ ಮಾಡಿದ ಪಾಯಸವನ್ನು ಬಟ್ಟಲು ತುಂಬ ಕೊಟ್ಟರು. ಕಂದಕದಿಂದ ಎದ್ದು ಬಂದ ಹೊಟ್ಟೆಗೆ ಅದು ಅಮೃತ. ಎರಡನೆಯ ಬಟ್ಟಲನ್ನೂ ಬೇಡವೆನ್ನಲಿಲ್ಲ. ಬಾಗಿಲ ಸಂದಿಯಿಂದ ಗಾಬರಿಯಾದ ಎರಡು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ದಾರಿಯ ಪ್ರಬಂಧ ಕೊಡದೆ ತಪ್ಪಿಸಿಕೊಂಡಿದ್ದ ಮೂರನೆಯ ಬೆಂಚಿನ ಹುಡುಗಿ. ಬರೆಯದವರ ಮನೆಯೇ ಸಲೀಸಾಗಿ ಸಿಕ್ಕಿತ್ತು.

ಅವಳೇ ನನ್ನನ್ನು ಹುಡುಗನ ಮನೆಗೆ ಕರೆದುಕೊಂಡು ಹೋದಳು. ನಡುವೆ ಒಂದು ಕಡೆ ನಿಂತು ‘ಮೇಡಂ, ಇದೇ ಮಾಮೂಲಿ ತಿರುವು’ ಎಂದಳು. ಬರಹದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದನ್ನು ಓದುವ ಅಗತ್ಯವಿಲ್ಲದವರಿಗೆಲ್ಲ ಅದು ಸಂಪೂರ್ಣ ಸ್ಪಷ್ಟವಾಗಿತ್ತು.

ಮರುದಿನ ಬೆಳಗ್ಗೆ ಬಚ್ಚಲಿನಲ್ಲಿ ಕಂಡ ಕೆಂಪು ಬಣ್ಣಕ್ಕೆ ನನ್ನ ಜೀವ ಬಾಯಿಗೆ ಬಂತು. ಜಿಗಣೆಯಿಂದ ಹಿಡಿದು ಮೂತ್ರಪಿಂಡದವರೆಗೆ ಎಲ್ಲವನ್ನೂ ಶಂಕಿಸುತ್ತ ಆಸ್ಪತ್ರೆಗೆ ಓಡಿದೆ. ನರ್ಸ್ ನನ್ನ ಮಾತು ಮುಗಿಯುವ ಮುನ್ನವೇ ‘ನಿನ್ನೆ ಮದ್ದು ಪಾಯಸ ತಿಂದಿರಾ?’ ಎಂದರು. ಅದನ್ನು ತಿಂದವರಿಗೆಲ್ಲ ಹಾಗೆ ಆಗುತ್ತದಂತೆ, ಆಗದಿದ್ದರೇ ಮದ್ದು ತಾಗಿಲ್ಲವೆಂದು ಬೇಸರವಂತೆ. ಅಜ್ಜಿ ಯಾಕೆ ಹೇಳಲಿಲ್ಲ ಎಂದು ಹುಡುಗಿಯನ್ನು ಕೇಳಿದೆ. ‘ಎಲ್ಲರಿಗೂ ಗೊತ್ತಿರುತ್ತದಲ್ಲ ಮೇಡಂ’ ಎಂದಳು. ಲಿಂಡಾ ಫ್ಲವರ್ ಅವರಿಗೂ ಒಂದು ಬಟ್ಟಲು ಕೊಡಬೇಕಿತ್ತು.

ಆಸ್ಪತ್ರೆಯ ಭಾಗ ಬಿಟ್ಟು ಉಳಿದ ಕಥೆಯನ್ನೆಲ್ಲ ತರಗತಿಯಲ್ಲಿ ಹೇಳಿದೆ. ಬಿಟ್ಟ ಭಾಗ ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ಕಾಗದಗಳನ್ನು ಮರಳಿ ಕೊಟ್ಟೆ. ಈ ಸಲ ಓದುವವರಿಗೆ ಒಂದೇ ಕೆಲಸ: ಎಲ್ಲಿ ದಾರಿ ತಪ್ಪುತ್ತೀರೋ ಅಲ್ಲಿ ಗೀಟು ಹಾಕಿ. ಅತ್ತೆಯ ಮಗಳು, ನೆರೆಮನೆ, ತೋಟದ ಮಾಲೀಕ ಯಾವುದೂ ಅಡ್ಡ ಬರಲಿಲ್ಲ. ಪಕ್ಕದವನ ಬರಹ ಕೆಟ್ಟದಾಗಿದೆ ಎನ್ನಲು ನಾಚುವವರು ಅವನ ದಾರಿ ಕೆಟ್ಟದಾಗಿದೆ ಎನ್ನಲು ನಾಚುವುದಿಲ್ಲ. ಕುಶಾಲನಗರದ ಹುಡುಗಿ ಭಾಗಮಂಡಲದವನಿಗೆ, ‘ನದಿ ಉಕ್ಕಿದಾಗ ರಸ್ತೆ ಮುಳುಗುತ್ತದೆಂದು ಕೊನೆಯ ಸಾಲಿನಲ್ಲಿ ಹೇಳುತ್ತೀಯಲ್ಲ, ಅಷ್ಟರಲ್ಲಿ ನಾನು ಮುಳುಗಿರುತ್ತೇನೆ’ ಎಂದು ಬರೆದಿದ್ದಳು. ಏನೂ ಹೊಳೆಯದ ಹಿಂದಿನ ಬೆಂಚು ಹೆಚ್ಚುವರಿ ಹಾಳೆ ಕೇಳಿತು. ಕರ್ನಾಟಕದ ಕಾಶ್ಮೀರ ಎಲ್ಲೂ ಬರಲಿಲ್ಲ, ಏಕೆಂದರೆ ಅದರ ಪಕ್ಕದಲ್ಲಿ ಎಡಕ್ಕೆ ತಿರುಗಲು ಆಗುವುದಿಲ್ಲ.

ಆಂತರಿಕ ಅಂಕಗಳ ಕಡತ ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ ಹುಬ್ಬು ಗಂಟಿಕ್ಕಿದರು. ‘ಇವು ಪ್ರಬಂಧಗಳೇ? ಪೀಠಿಕೆ ಎಲ್ಲಿ, ಉಪಸಂಹಾರ ಎಲ್ಲಿ? ಮೌಲ್ಯಮಾಪನದ ಪಟ್ಟಿಯಲ್ಲಿ ಅದಕ್ಕೆ ಅಂಕ ಇದೆಯಲ್ಲ ಮೇಡಂ?’ ಎಂದರು. ಅವರ ಮಾತು ನಿಯಮಕ್ಕೆ ಸರಿಯಾಗಿಯೇ ಇತ್ತು. ನನ್ನನ್ನು ಕಂದಕಕ್ಕೆ ಇಳಿಸಿದ ಹುಡುಗನನ್ನು ಕರೆದು, ನಾಲ್ಕು ಪುಟಕ್ಕೆ ಬೆಳೆದಿದ್ದ ಅವನ ದಾರಿಗೆ ಒಂದು ಉಪಸಂಹಾರ ಸೇರಿಸಪ್ಪ ಎಂದೆ. ಅವನು ಅಲ್ಲೇ ನಿಂತು, ಕೆಂಪು ಶಾಯಿಯಲ್ಲಿ ಶೀರ್ಷಿಕೆ ಬರೆದು, ಅಡಿಗೆರೆ ಎಳೆದು ಕೊಟ್ಟ.

‘ಉಪಸಂಹಾರ: ಮನೆ ಬಂತು. ನಾಯಿಯನ್ನು ಕಟ್ಟಿದ್ದೇವೆ. ಪಾಯಸ ಕೊಟ್ಟರೆ ಒಂದೇ ಬಟ್ಟಲು ತಿನ್ನಿ.’