ಹಬ್ಬದ ಎಲೆ ಮುಂದೆ ಓಟಿನ ಮಾತು: ಬೇಕಾ, ಬೇಡ್ವಾ?

ಚುನಾವಣೆ ಮುಗಿದ ಬೆನ್ನಿಗೇ ಹಬ್ಬ ಬಂದರೆ, ಒಟ್ಟಿಗೆ ಉಣ್ಣಲು ಕೂತ ಮನೆಯವರು ರಾಜಕೀಯ ಮಾತಾಡಬೇಕಾ? ಮಂಡ್ಯ ಜಿಲ್ಲೆಯ ಒಂದೇ ಮನೆಯ ಅಕ್ಕ, ತಮ್ಮ ಈ ವಿಷಯದಲ್ಲಿ ಎದುರುಬದುರು. ಅಕ್ಕ ಮೈಸೂರಿನಲ್ಲಿ ಶಾಲೆ ಟೀಚರ್. ತಮ್ಮ ಊರಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ.

ಪರ (ಅಕ್ಕ): ಮಾತಾಡಲೇಬೇಕು

2020ರ ಗ್ರಾಮ ಪಂಚಾಯಿತಿ ಚುನಾವಣೆ ಡಿಸೆಂಬರ್ 22 ಮತ್ತು 27ಕ್ಕೆ ನಡೆಯಿತು. 30ಕ್ಕೆ ಎಣಿಕೆ. ಅದಾಗಿ ಹದಿನೈದೇ ದಿನಕ್ಕೆ ಸಂಕ್ರಾಂತಿ.

ನಮ್ಮ ವಾರ್ಡು ಆ ಸಲ ಮಹಿಳಾ ಮೀಸಲು. ದೊಡ್ಡಪ್ಪನ ಸೊಸೆ, ಅಂದರೆ ನಮ್ಮ ಅತ್ತಿಗೆ, ನಿಂತಿದ್ದರು. ಏಳು ಓಟಿನಲ್ಲಿ ಸೋತರು. ನಮ್ಮ ಅಪ್ಪ ಎದುರಾಳಿ ಕಡೆಯವರ ಜೊತೆ ಡೇರಿ ಹತ್ತಿರ ನಿಂತು ಮಾತಾಡಿದ್ದನ್ನು ಯಾರೋ ನೋಡಿದ್ದರಂತೆ. ಅಷ್ಟು ಸಾಕಾಯಿತು.

ಹಬ್ಬದ ದಿನ ಎಂದಿನಂತೆ ಎರಡೂ ಮನೆಯವರು ಹಳೇ ಮನೆಯಲ್ಲಿ ಸಾಲಾಗಿ ಕೂತರು. ಬಲಗೈ ಎಲೆ ಮೇಲೆ, ಎಡಗೈ ಮಂಡಿ ಮೇಲೆ. ಆ ಎಡಗೈ ತೋರುಬೆರಳಿನ ಉಗುರಲ್ಲಿ ಶಾಯಿ ಇನ್ನೂ ಹೋಗಿರಲಿಲ್ಲ. ನಮ್ಮ ಮೈಸೂರಲ್ಲೇ ತಯಾರಾಗುವ ಶಾಯಿ ಅದು. ಉಗುರು ಬೆಳೆದು ಕತ್ತರಿಸುವವರೆಗೂ ಬಿಡಲ್ಲ. ಸಾಲಿನ ಈ ತುದಿಯಿಂದ ಆ ತುದಿವರೆಗೆ ಎಲ್ಲರ ಬೆರಳಲ್ಲೂ ಅದೇ ಕಪ್ಪು ಗೆರೆ. ಬಾಯಲ್ಲಿ ಮಾತ್ರ ಮಾತಿಲ್ಲ. "ಸಾರು ಹಾಕಲಾ?" "ಸಾಕು." ಅಷ್ಟೇ. ಮಜ್ಜಿಗೆ ಬರುವ ಹೊತ್ತಿಗೆ ಅಣ್ಣ, ಅತ್ತಿಗೆಯ ಗಂಡ, ಎಲೆ ನೋಡಿಕೊಂಡೇ "ಏಳೇ ಓಟು" ಅಂದ. ಅಪ್ಪ ಅರ್ಧ ಊಟಕ್ಕೇ ಎದ್ದರು.

ಆ ಮಾತು ಆಡಿದ್ದರಿಂದಲೇ ಕೆಟ್ಟಿತು ಅಂತ ತಮ್ಮ ಇವತ್ತಿಗೂ ಹೇಳುತ್ತಾನೆ. ನಾನು ಒಪ್ಪಲ್ಲ. ಹದಿನೈದು ದಿನ ಎರಡೂ ಮನೆಯವರು ಮುಖ ಕೊಟ್ಟು ಮಾತಾಡಿದ್ದರೆ, ಡೇರಿ ಹತ್ತಿರ ಅಪ್ಪ ಏನು ಮಾತಾಡಿದರು ಅಂತ ಒಬ್ಬರಾದರೂ ಕೇಳಿದ್ದರೆ, ಅಣ್ಣನ ಹೊಟ್ಟೆಯಲ್ಲಿ ಆ ಮಾತು ಅಷ್ಟು ದಿನ ಕುದಿಯುತ್ತಿರಲಿಲ್ಲ. ಅಪ್ಪ ಅಲ್ಲಿ ಮಾತಾಡಿದ್ದು ಹಸು ಮಾರುವ ವಿಚಾರ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಗಂಡಸರಿಗೆ ಅರಳಿಕಟ್ಟೆ ಇದೆ, ಡೇರಿ ಇದೆ, ಟೀ ಅಂಗಡಿ ಇದೆ. ಹೆಂಗಸರು ರಾಜಕೀಯ ಮಾತಾಡೋಕೆ ಜಾಗ ಎಲ್ಲಿದೆ? ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ. ಆದರೂ ಎಷ್ಟೋ ಕಡೆ ಗೆದ್ದವಳು ಹೆಂಡತಿ, ಓಡಾಡುವವನು ಗಂಡ. ಅತ್ತಿಗೆಯ ಕರಪತ್ರದಲ್ಲಿ ಅವರ ಫೋಟೋಗಿಂತ ಅಣ್ಣನ ಫೋಟೋ ದೊಡ್ಡದಿತ್ತು.

ಅದೇ ಸಂಕ್ರಾಂತಿಯ ಬೆಳಿಗ್ಗೆ ನಾವು ಆರು ಜನ ಹೆಂಗಸರು ಅವರೆಕಾಳು ಹಿತುಕುತ್ತಾ ಕೂತಿದ್ದೆವು. ರಾತ್ರಿ ನೆನೆಹಾಕಿದ ಕಾಳು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತೆ, ಸಿಪ್ಪೆ ಕೈಯಲ್ಲಿ ಉಳಿಯುತ್ತೆ. ಅಷ್ಟು ಜನಕ್ಕೆ ಸಾರಾಗಬೇಕು ಅಂದರೆ ಎರಡು ಗಂಟೆ ಕೆಲಸ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತಿಗೆ ತಾವಾಗಿಯೇ ಕೆಳಗಿನ ಬೀದಿ ಚರಂಡಿ ಮಾತು ತೆಗೆದರು. ಮಳೆ ನೀರು ಎಲ್ಲಿಂದ ಇಳಿಯುತ್ತೆ, ಯಾರ ಬಾಗಿಲ ಮುಂದೆ ನಿಲ್ಲುತ್ತೆ, ಎಲ್ಲಿ ಒಂದು ಕಲ್ಲು ಎತ್ತಿದರೆ ಅರ್ಧ ಸಮಸ್ಯೆ ಹೋಗುತ್ತೆ, ಎಲ್ಲವೂ ಗೊತ್ತು ಅವರಿಗೆ. ಪ್ರಚಾರದಲ್ಲಿ ಇದನ್ನು ಅವರ ಬಾಯಿಂದ ಒಂದು ಸಲವೂ ಆಡಿಸಿರಲಿಲ್ಲ. ಅಡುಗೆಮನೆಯಲ್ಲಿ ಹುಟ್ಟಿದ ಆ ಮಾತು ಪಂಕ್ತಿವರೆಗೆ ಬರಲೇ ಇಲ್ಲ. ಪಂಕ್ತಿಯಲ್ಲಿ ಬಂದದ್ದು ಏಳು ಓಟಿನ ಲೆಕ್ಕ ಮಾತ್ರ.

ಚೆನ್ನಾಗಿ ನಡೆದ ಮಾತುಕತೆಯನ್ನೂ ನೋಡಿದ್ದೀನಿ. 2023ರ ಮೇ 13ಕ್ಕೆ ವಿಧಾನಸಭೆ ಫಲಿತಾಂಶ ಬಂತು, ಜೂನ್ 11ಕ್ಕೆ ಹೆಂಗಸರಿಗೆ ಉಚಿತ ಬಸ್ ಶುರುವಾಯಿತು. ಆ ಸಲ ಗೌರಿ ಹಬ್ಬಕ್ಕೆ ಸೋದರತ್ತೆ ಒಬ್ಬರೇ ಬಸ್ ಹತ್ತಿ ನಮ್ಮ ಮನೆಗೆ ಬಂದಿದ್ದರು. ಊಟಕ್ಕೆ ಕೂತಾಗ ನಮ್ಮೆಜಮಾನರು ಶುರು ಮಾಡಿದರು: ಟಿಕೆಟ್ ತಗೊಂಡವರಿಗೆ ನಿಲ್ಲೋಕೂ ಜಾಗ ಇಲ್ಲ, ಶಾಲೆ ಮಕ್ಕಳು ಬಾಗಿಲಲ್ಲಿ ಜೋತುಬಿದ್ದಿರುತ್ತಾರೆ, ಈ ದುಡ್ಡೆಲ್ಲ ಎಲ್ಲಿಂದ ಬರುತ್ತೆ? ಅವರು ಹೇಳಿದ್ದು ಸುಳ್ಳಲ್ಲ. ನನ್ನ ಶಾಲೆ ಮಕ್ಕಳ ಪಾಡು ನನಗೂ ಗೊತ್ತು. ಅತ್ತೆ ಸುಮ್ನೆ ಕೇಳಿಸಿಕೊಂಡು ಕೊನೆಗೆ, "ತವರಿಗೆ ಬರಬೇಕು ಅಂದ್ರೆ ಮಗನ ಹತ್ರ ದುಡ್ಡು ಕೇಳಬೇಕಿತ್ತು ಕಣಪ್ಪ, ಈ ಸಲ ಕೇಳಲಿಲ್ಲ" ಅಂದರು. ಇಬ್ಬರೂ ತಮ್ಮ ಅಭಿಪ್ರಾಯ ಬಿಟ್ಟುಕೊಡಲಿಲ್ಲ. ಆದರೆ ಅತ್ತೆ ಹೊರಟಾಗ ಬಸ್ ಸ್ಟ್ಯಾಂಡಿಗೆ ಹೋಗಿ, ನುಗ್ಗಿ ಸೀಟು ಹಿಡಿದುಕೊಟ್ಟು ಬಂದವರು ನಮ್ಮೆಜಮಾನರೇ.

ಯಾರಿಗೆ ಓಟು ಹಾಕಿದೆ ಅಂತ ಕೇಳೋದು ಬೇಡ. ನಿನಗೆ ಏನು ಆಗಬೇಕಿತ್ತು ಅಂತ ಕೇಳೋಣ. ಮುಂದಿನ ಪಂಚಾಯಿತಿ ಚುನಾವಣೆ ಮುಗಿದ ಮೇಲಿನ ಹಬ್ಬಕ್ಕೆ ನಾನು ಬಡಿಸ್ತೀನಿ. ಅತ್ತಿಗೆ ಮೊದಲ ಪಂಕ್ತಿಯಲ್ಲಿ ಕೂತು ಆ ಚರಂಡಿ ಮಾತು ಹೇಳಲಿ.

ವಿರೋಧ (ತಮ್ಮ): ಆ ಒಂದು ದಿನ ಬೇಡ

ಅಕ್ಕ ಹಬ್ಬದ ಮಾರನೇ ದಿನ ಮೈಸೂರು ಬಸ್ ಹತ್ತುತ್ತಾಳೆ. ನಾನು ಬೆಳಿಗ್ಗೆ ಆರು ಗಂಟೆಗೆ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋದರೆ ಸಾಲಿನಲ್ಲಿ ನನ್ನ ಮುಂದೆ ನಿಂತಿರುವುದು ಅದೇ ಅಣ್ಣ. ನಾಲೆ ನೀರು ಅವನ ಗದ್ದೆ ದಾಟಿ ನಮ್ಮ ಗದ್ದೆಗೆ ಬರಬೇಕು. ಉಳುಮೆಗೆ ಅವನ ಟ್ರ್ಯಾಕ್ಟರೇ ಬೇಕು. ಪಂಕ್ತಿಯಲ್ಲಿ ಮಾತು ಒಂಚೂರು ಆ ಕಡೆ ಈ ಕಡೆ ಆದರೂ ಅದರ ಫಲ ಉಣ್ಣುವವರು ಊರಲ್ಲಿ ಉಳಿಯುವವರು.

ಆ ಸಂಕ್ರಾಂತಿಯ ಸಂಜೆ ಏನಾಯಿತು ಅಂತ ಅಕ್ಕ ಹೇಳಲಿಲ್ಲ, ನಾನು ಹೇಳುತ್ತೇನೆ. ನನ್ನ ಮಗಳಿಗೆ ಆಗ ಎಂಟು ವರ್ಷ. ಹೊಸ ಲಂಗ ಹಾಕಿಕೊಂಡು ಎಳ್ಳು ಬೀರಲು ಹೊರಟಳು. ತಟ್ಟೆಯಲ್ಲಿ ಎಳ್ಳು ಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಬಾಳೆಹಣ್ಣು, ಕಬ್ಬಿನ ತುಂಡು. ಮೇಲೆ ಅವಳ ಅಜ್ಜಿ ಹೆಣೆದ ಬಿಳಿ ಬಟ್ಟೆ. ಪ್ರತಿ ವರ್ಷ ಅವಳು ಮೊದಲು ಹೋಗುವುದು ದೊಡ್ಡಪ್ಪನ ಮನೆಗೇ. ಹತ್ತು ನಿಮಿಷದಲ್ಲಿ ವಾಪಸ್ ಬಂದಳು. ತಟ್ಟೆ ಹೋದ ಹಾಗೇ ಇತ್ತು. "ಬಾಗಿಲು ತೆಗೀಲಿಲ್ಲ ಅಪ್ಪ. ಒಳಗೆ ಟಿವಿ ಕೇಳಿಸ್ತಿತ್ತು" ಅಂದಳು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಗು ಅದು. ಅವಳಿಗೆ ಏನು ಅಂತ ಹೇಳಲಿ? ಎರಡೇ ಎರಡು ಪದ ಅಣ್ಣನ ಬಾಯಿಂದ ಬಂದದ್ದಕ್ಕೆ ಇಷ್ಟಾಯಿತು.

ಹಳ್ಳಿ ಓಟಿನ ಲೆಕ್ಕ ಬೇರೆ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಧ್ರುವನಾರಾಯಣ ಅವರು ಒಂದೇ ಓಟಿನಿಂದ ಗೆದ್ದರು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16 ಓಟು. ಆದರೆ ಅಷ್ಟು ದೊಡ್ಡ ಕ್ಷೇತ್ರದಲ್ಲಿ ಆ ಓಟು ಯಾರ ಮನೆಯದು ಅಂತ ಹುಡುಕೋಕಾಗಲ್ಲ. ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ ಮಕ್ಕಳನ್ನು ಬಿಟ್ಟರೆ ಓಟರ್ ಲಿಸ್ಟಿನ ಒಂದೊಂದು ಹೆಸರೂ ನಮಗೆ ಮುಖ ನೋಡಿದ ಹೆಸರೇ. ಪಾರ್ಟಿ ಚಿಹ್ನೆಯೂ ಇಲ್ಲ, ಪಾರ್ಟಿ ನೋಡಿ ಹಾಕಿದೆ ಅಂತ ತಪ್ಪಿಸಿಕೊಳ್ಳೋ ಹಾಗೂ ಇಲ್ಲ. ಏಳು ಓಟು ಅಂದರೆ ಎರಡು ಮನೆ. ಯಾವ ಎರಡು ಮನೆ ಅಂತ ಎಲ್ಲರೂ ಬೆರಳು ಮಡಚಿ ಎಣಿಸುತ್ತಾರೆ.

ಅಕ್ಕ ಹೇಳುತ್ತಾಳೆ, ಯಾರಿಗೆ ಹಾಕಿದೆ ಅಂತ ಕೇಳಬೇಡಿ, ಏನು ಬೇಕಿತ್ತು ಅಂತ ಕೇಳಿ ಅಂತ. ನಮ್ಮೂರಲ್ಲಿ ಎರಡೂ ಒಂದೇ. ಚರಂಡಿ ಅಂದವರು ಒಬ್ಬರು, ಕಾಂಕ್ರೀಟ್ ರಸ್ತೆ ಅಂದವರು ಇನ್ನೊಬ್ಬರು. ನನಗೆ ರಸ್ತೆ ಬೇಕಿತ್ತು ಅಂತ ಬಾಯಿ ಬಿಟ್ಟರೆ ಓಟು ತೋರಿಸಿದ ಹಾಗೇ. ಇನ್ನು ದುಡ್ಡು ಇಸ್ಕೊಂಡ ಮಾತು ಯಾರಾದರೂ ಎತ್ತಿದರೆ ಮುಗೀತು.

ನನಗೆ ನಮ್ಮ ಅವ್ವನ ಯೋಚನೆ. ಚುನಾವಣೆ ಬಂದಾಗಲೆಲ್ಲ ಅಪ್ಪ "ಇಂಥವರಿಗೇ ಹಾಕು" ಅಂತ ಹೇಳುತ್ತಾರೆ. ಅವ್ವ "ಹೂಂ" ಅನ್ನುತ್ತಾಳೆ. ಆ ರಟ್ಟಿನ ಮರೆಯ ಹಿಂದೆ ಹೋಗಿ ಅವಳು ಏನು ಮಾಡಿದಳು ಅಂತ ಇವತ್ತಿಗೂ ಅಪ್ಪನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೇಳಿದರೆ ಸೆರಗು ಸರಿ ಮಾಡಿಕೊಂಡು ಒಳಗೆ ಹೋಗುತ್ತಾಳೆ. ಆ ಮನೆಯಲ್ಲಿ ಯಾರನ್ನೂ ಕೇಳದೆ ಅವಳು ಮಾಡುವ ಕೆಲಸ ಅದೊಂದೇ ಇರಬೇಕು. ಪಂಕ್ತಿಯಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಹೇಳುತ್ತಾ ಬಂದು ಕೊನೆಗೆ ಅವಳ ಕಡೆ ತಿರುಗಿದರೆ? ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಹೆಂಗಸರಿಗೆ ಮಾತಾಡೋಕೆ ಜಾಗ ಇಲ್ಲ ಅನ್ನುವ ಅಕ್ಕನ ಮಾತು ನಿಜ, ನನಗೂ ಚುಚ್ಚುತ್ತೆ. ಆದರೆ ಮಾತಾಡದೇ ಇರೋಕೂ ಅವರಿಗೆ ಒಂದು ಜಾಗ ಬೇಕಲ್ವಾ?

ಅತ್ತಿಗೆಯ ಚರಂಡಿ ಮಾತಿಗೆ ಗ್ರಾಮ ಸಭೆ ಇದೆ. ಆರು ತಿಂಗಳಿಗೆ ಒಂದಾದರೂ ನಡೆಸಬೇಕು ಅಂತ ಕಾನೂನೇ ಇದೆ. ಅಲ್ಲಿ ಆಡಿದ ಮಾತನ್ನು ಪುಸ್ತಕದಲ್ಲಿ ಬರೆಸಬಹುದು, ಪಂಚಾಯಿತಿ ಅಧಿಕಾರಿ ಪಿಡಿಒ ಹತ್ತಿರ ಉತ್ತರ ಕೇಳಬಹುದು. ಹೆಂಗಸರು ಬರುವುದು ಕಡಿಮೆ, ಗೊತ್ತು. ಹಾಗಾದರೆ ಅಕ್ಕ ಹಬ್ಬಕ್ಕೆ ಹಾಕುವ ರಜೆ ಜೊತೆ ಗ್ರಾಮ ಸಭೆಗೂ ಒಂದು ದಿನ ರಜೆ ಹಾಕಿ ಬರಲಿ. ಅತ್ತಿಗೆ ಪಕ್ಕ ಕೂರಲಿ. ನಾನೂ ಬರ್ತೀನಿ.

ಆಮೇಲೆ ಎರಡು ಸಂಕ್ರಾಂತಿ ಹಳೇ ಮನೆಯಲ್ಲಿ ಒಟ್ಟಿಗೆ ಊಟ ಇರಲಿಲ್ಲ. ಅವರ ಒಲೆ ಅವರಿಗೆ, ನಮ್ಮ ಒಲೆ ನಮಗೆ. ಮೂರನೇ ವರ್ಷ ಮಗಳ ಜೊತೆ ನಾನೇ ಹೋದೆ. ಅತ್ತಿಗೆ ಬಾಗಿಲು ತೆಗೆದರು. ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಕಬ್ಬಿನ ಬಿಲ್ ದುಡ್ಡು ಬಂತೇನ್ಲಾ?" ಅಂದರು.

"ಇನ್ನೂ ಇಲ್ಲ ದೊಡ್ಡಪ್ಪ."

"ನಮ್ಮದೂ ಇಲ್ಲ."

ಅತ್ತಿಗೆ ತಟ್ಟೆ ಒಳಗೆ ತಗೊಂಡು ಹೋದರು. ವಾಪಸ್ ತಂದಾಗ ಅದರಲ್ಲಿ ಅವರ ಮನೆಯ ಎಳ್ಳು ಬೆಲ್ಲವೂ ಎರಡು ಸಕ್ಕರೆ ಅಚ್ಚೂ ಇದ್ದವು. ಬಿಳಿ ಬಟ್ಟೆಯನ್ನು ಮಡಚಿ ಮಗಳ ಕೈಗೆ ಕೊಟ್ಟರು.