ಚೋಕ್ ಎಳ್ದು ನೋಡಿದ್ಯಾ?

ಸೆಕೆಂಡ್ ಹ್ಯಾಂಡ್ ಚೈನ್ ಸಾ, ಅಂದರೆ ಮರ ಕೊಯ್ಯುವ ಪೆಟ್ರೋಲ್ ಗರಗಸ, ಮಾರುವವರೆಲ್ಲ ಒಂದೇ ಗುರುಕುಲದಲ್ಲಿ ಕಲಿತು ಬಂದವರಿರಬೇಕು. "ಮಿಷನ್ ಫಸ್ಟ್ ಕ್ಲಾಸ್ ಸಾರ್, ಬಹಳ ದಿನ ಓಡಿಸಿಲ್ಲ ಅಷ್ಟೇ. ಕಾರ್ಬೊರೇಟರ್ ಒಂಚೂರು ಕ್ಲೀನ್ ಮಾಡಿದ್ರೆ ಒಂದೇ ಎಳೆತಕ್ಕೆ ಸ್ಟಾರ್ಟು." ಹಾಗಾದರೆ ಆ ಒಂಚೂರನ್ನು ತಾವೇ ಯಾಕೆ ಮಾಡಲಿಲ್ಲ ಮಹಾಸ್ವಾಮಿ? ಈ ಪ್ರಶ್ನೆ ಮಾತ್ರ ಮಿಷನ್ನು ಮನೆ ಸೇರಿ, ಹಗ್ಗ ಎಳೆದೆಳೆದು ಹೆಗಲು ಕೈಗೆ ಬಂದ ಮೇಲೆಯೇ ಹೊಳೆಯುವುದು.

ಚೈನ್ ಸಾದ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಟ್ಯಾಂಕಿಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಒಳಗೆಲ್ಲ ಜಿಡ್ಡು ಕೊಡಬೇಕು. ಈಗಿನ ಮಿಷನ್ನುಗಳಿಗೆ ಸಾಮಾನ್ಯವಾಗಿ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ಹಿಂದಿನ ಯಜಮಾನರು ಇದನ್ನು ಐಚ್ಛಿಕ ವಿಷಯ ಎಂದುಕೊಂಡಿದ್ದರು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟರೆ, ಪಿಸ್ಟನ್ನು ಬೆಕ್ಕು ಪರಚಿದ ಸೋಫಾದ ಹಾಗಿತ್ತು! ಪುಣ್ಯಕ್ಕೆ ಸಿಲಿಂಡರಿಗೆ ಹತ್ತಿದ್ದು ಪಿಸ್ಟನ್ನಿನ ಅಲ್ಯೂಮಿನಿಯಂ ಮಾತ್ರ, ತಿಕ್ಕಿದರೆ ಹೋಯಿತು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಜೊತೆಗೆ ಭಾವ ಇದ್ದರು.

ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದು, ಗಂಟಲು ಸರಿಮಾಡಿಕೊಳ್ಳುವುದು, "ಚೋಕ್ ಎಳ್ದು ನೋಡಿದ್ಯಾ?" ಎನ್ನುವುದು. ಎಂಜಿನ್ ಸಂಗತಿಯಲ್ಲಿ ಅವರಿಗೆ ಗೊತ್ತಿರುವುದು ಅದೊಂದೇ, ತಣ್ಣಗಿರುವ ಎಂಜಿನ್ ಹೊತ್ತಿಸಲು ಗಾಳಿ ತಡೆಯುವ ಆ ಪುಟ್ಟ ಮುಚ್ಚಳ. ಗೊತ್ತಿರುವುದನ್ನು ಮುಚ್ಚಿಡುವ ಜನ ಅವರಲ್ಲ. ಪ್ಲಗ್ ಬಿಚ್ಚಿದಾಗ ಕೇಳಿದರು, ಸರಿ. ಸಿಲಿಂಡರ್ ಎತ್ತಿ ಪಕ್ಕಕ್ಕಿಟ್ಟಾಗಲೂ ಕೇಳಿದರು. "ಭಾವ, ಚೋಕು ಕಾರ್ಬೊರೇಟರ್ ಜೊತೆ ಆ ಡಬ್ಬಿಯಲ್ಲಿದೆ" ಅಂದೆ. ಬಗ್ಗಿ, ಡಬ್ಬಿಯೊಳಗೆ ಬೆರಳು ಹಾಕಿ, ಅಲ್ಲೇ ಅದನ್ನು ಒಮ್ಮೆ ಆಡಿಸಿ, "ಸ್ವಲ್ಪ ಟೈಟ್ ಇದೆ ನೋಡು" ಎಂದು ವರದಿ ಒಪ್ಪಿಸಿದರು.

ಪಿಸ್ಟನ್ ಪಿನ್ನಿನ ಎರಡು ತುದಿಗೂ ಉಗುರಿನಷ್ಟೇ ಗಾತ್ರದ ತಂತಿ ಕ್ಲಿಪ್ಪು ಕೂರಬೇಕು. ಕೂರಿಸುವಾಗ ಟಿಣ್ ಎಂದು ಹಾರಿತು. ಅದು ಹಾರಿಯೇ ಹಾರುತ್ತದೆ, ಹಾರುವುದಕ್ಕೇ ಹುಟ್ಟಿದ್ದು. ನಾನು ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ಒತ್ತಿ ಟಾರ್ಚ್ ಹಾಯಿಸುತ್ತಿದ್ದರೆ ಮೇಲಿಂದ ಆಕಾಶವಾಣಿ: "ಅದಿರ್ಲಿ, ಚೋಕು…" ಕೊನೆಗೆ ಕ್ಲಿಪ್ಪು ಸಿಕ್ಕಿದ್ದು ಭಾವನ ಚಪ್ಪಲಿಯ ಅಡಿಯಲ್ಲಿ. ಅಷ್ಟು ಹೊತ್ತೂ ಅದರ ಮೇಲೆಯೇ ನಿಂತು ಉಪದೇಶ ಮಾಡುತ್ತಿದ್ದರು.

ಅವರು ಹೋದ ಮೇಲೆ ಉಳಿದ ಭಾಗಗಳನ್ನು ಒರೆಸುತ್ತ ಕೂತೆ. ಹಿಂದಿನ ಹಿಡಿಯ ರಬ್ಬರು ಒಂದೇ ಕಡೆ ನುಣ್ಣಗೆ ಸವೆದಿತ್ತು. ಯಾರದೋ ಬಲಗೈ ವರ್ಷಗಟ್ಟಲೆ ಅಲ್ಲಿ ದುಡಿದಿದೆ. ಏರ್ ಫಿಲ್ಟರಿನ ಸಂದಿಯಲ್ಲಿ ಇನ್ನೂ ಮರದ ಹೊಟ್ಟು. ಮೂಗಿಗೆ ಹಿಡಿದರೆ ಪೆಟ್ರೋಲಿನ ನಡುವೆಯೂ ಯಾವುದೋ ಮರದ ಘಮ. ಬೈಯಲು ತೆರೆದ ಬಾಯಿ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಕಾರ್ಬೊರೇಟರಿನ ಡಯಾಫ್ರಮ್ ಎಂಬ ತೆಳು ಪೊರೆ ಬಿಚ್ಚಿದೆ. ಮೆತ್ತಗಿರಬೇಕಾದದ್ದು ಒಣಗಿ ಸೆಟೆದು ಕೂತಿತ್ತು. ಮತ್ತೆ ಬೈದೆ.

ಹೊಸ ಪಿಸ್ಟನ್, ಹೊಸ ಡಯಾಫ್ರಮ್, ಬಿರುಕು ಬಿಟ್ಟ ಪೆಟ್ರೋಲ್ ಪೈಪಿನ ಬದಲು ಹೊಸ ಪೈಪು. ಕೊನೆಗೂ ಹೊಗೆ ಕಾರುತ್ತ ಹೊತ್ತಿಕೊಂಡಿತು. ಕೊಯ್ಯುವ ಹಲ್ಲಿನ ಚೈನು, ಅದು ಸುತ್ತುವ ಬಾರು ಇನ್ನೂ ಹಾಕಿರಲಿಲ್ಲ, ಬಚಾವು. ಯಾಕೆಂದರೆ ಆಫ್ ಮಾಡಿದರೆ ನಿಲ್ಲಲೇ ಇಲ್ಲ! ಈ ಸ್ವಿಚ್ಚಿನ ಕೆಲಸವೇ ಉಲ್ಟಾ. ಆಫ್ ಮಾಡಿದಾಗ ಅದು ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲನ್ನು ಒಂದು ವೈರಿನಿಂದ ಅರ್ತ್‌ಗೆ, ಅಂದರೆ ಎಂಜಿನ್ನಿನ ಲೋಹದ ಮೈಗೆ, ಸೇರಿಸಿ ಕಿಡಿ ಕೊಲ್ಲುತ್ತದೆ. ಒಳಗೆ ಆ ಹಳೇ ವೈರು ತುಂಡಾಗಿದ್ದರೆ ಸ್ವಿಚ್ಚು ಬರೀ ಅಲಂಕಾರ. ಮಿಷನ್ನು ಅರಚುತ್ತಿದೆ, ನಾನು ಸ್ವಿಚ್ಚನ್ನು ಅತ್ತಿತ್ತ ಒದ್ದಾಡಿಸುತ್ತಿದ್ದೇನೆ, ಅಷ್ಟರಲ್ಲಿ ಬಾಗಿಲಿನಿಂದ ಆ ಪರಿಚಿತ ದನಿ:

"ಚೋಕ್ ಎಳಿಯೋ!"

ಎಳೆದೆ. ಗಾಳಿ ಕಟ್ಟಾಗಿ, ಪೆಟ್ರೋಲ್ ಹೆಚ್ಚಾಗಿ, ಎರಡು ಸಲ ಕೆಮ್ಮಿ ನಿಂತಿತು.

"ಆವತ್ತಿಂದ ಇದನ್ನೇ ಬಡ್ಕೊಳ್ತಾ ಇದ್ದೀನಿ, ನೀನೆಲ್ಲಿ ಕೇಳ್ತೀಯ" ಎಂದವರೇ ಭಾವ ಅಕ್ಕನಿಗೆ ಫೋನ್ ಹಚ್ಚಿದರು.