ಸತ್ಯಾಂಶ: ‘ಕುಡ್’, ‘ಶುಡ್’ ಬಂದರೆ ಭೂತಕಾಲವೇ?

ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ, ಅದರಲ್ಲೂ ಇಂಟರ್‌ವ್ಯೂಗೆ ತಯಾರಾಗುವ ಮಕ್ಕಳಿರುವ ಕಡೆ, ಒಂದು ಇಂಗ್ಲಿಷ್ ಸೂತ್ರ ಆಗಾಗ ಬರುತ್ತದೆ. ಕ್ಯಾನ್, ವಿಲ್, ಶಲ್ ಇದ್ದಲ್ಲಿ ಕುಡ್, ವುಡ್, ಶುಡ್ ಹಾಕಿದರೆ ಮಾತು ಹಿಂದಿನ ಕಾಲಕ್ಕೆ ಹೋಗುತ್ತದಂತೆ. ಇದು ಅರ್ಧ ಮಾತ್ರ ನಿಜ.

‘ಐ ಕುಡ್ ಸ್ವಿಮ್ ವೆನ್ ಐ ವಾಸ್ ಸಿಕ್ಸ್’ ಸರಿ. ಅದು ಆಗ ಇದ್ದ ಸಾಮರ್ಥ್ಯ. ಆದರೆ ನಿನ್ನೆ ದಾದರ್‌ನಲ್ಲಿ ಓಡಿ ಫಾಸ್ಟ್ ಲೋಕಲ್ ಹಿಡಿದಿರಿ ಅನ್ನಿ. ಅಂಥ ಒಂದು ಸಲದ ಗೆಲುವಿಗೆ ಕುಡ್ ಒಗ್ಗುವುದಿಲ್ಲ. ‘ಐ ವಾಸ್ ಏಬಲ್ ಟು ಕ್ಯಾಚ್ ಇಟ್’ ಅನ್ನಬೇಕು. ಹಿಡಿಯಲಾಗಲಿಲ್ಲ ಅನ್ನಲು ಮಾತ್ರ ‘ಕುಡಂಟ್’ ಧಾರಾಳವಾಗಿ ನಡೆಯುತ್ತದೆ. (ವಿಚಿತ್ರ ಅನಿಸಿದರೂ ಹಾಗೇ ಇದೆ.)

‘ಯು ಶುಡ್ ಗೋ’ ಈಗಿನ ಸಲಹೆ. ಹೋಗಬೇಕಿತ್ತು ಅನ್ನಲು ‘ಶುಡ್ ಹ್ಯಾವ್ ಗಾನ್’. ಜನ ಜಾಸ್ತಿ ಎಡವುವುದು ಮಸ್ಟ್‌ನಲ್ಲಿ. ‘ಹಿ ಹ್ಯಾಡ್ ಟು ಲೀವ್’ ಅಂದರೆ ಹೊರಡಲೇಬೇಕಾಯಿತು. ‘ಹಿ ಮಸ್ಟ್ ಹ್ಯಾವ್ ಲೆಫ್ಟ್’ ಅಂದರೆ ಹೊರಟಿರಬೇಕು, ಅಂದರೆ ನಮ್ಮ ಊಹೆ. ಕನ್ನಡದಲ್ಲೂ ಇವೆರಡು ಬೇರೆಯೇ ಅಲ್ವಾ?

ಸೂತ್ರ ಕಳಿಸುವವರು ಸುಮ್ನೆ ಹುಟ್ಟಿಸಿದ್ದಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವಾಗ ವಿಲ್ ನಿಜಕ್ಕೂ ವುಡ್ ಆಗುತ್ತದೆ.

ನೀವೇ ಪರೀಕ್ಷಿಸಬಹುದು. ವಾಕ್ಯಕ್ಕೆ ‘ಯೆಸ್ಟರ್‌ಡೇ’ ಸೇರಿಸಿ. ‘ಯು ಶುಡ್ ಗೋ ಯೆಸ್ಟರ್‌ಡೇ’ ಅಲ್ಲೇ ಮುಗ್ಗರಿಸುತ್ತದೆ. ಆಮೇಲೆ ನೆಟ್‌ನಲ್ಲಿ ಪುಕ್ಕಟೆ ಸಿಗುವ ಲರ್ನರ್ಸ್ ಡಿಕ್ಷನರಿಯಲ್ಲಿ (ಇಂಗ್ಲಿಷ್ ಕಲಿಯುವವರಿಗಾಗಿ ಮಾಡಿದ ನಿಘಂಟು) ಕುಡ್, ಶುಡ್‌ನಂಥ ಪದ ತೆರೆದು, ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯಗಳನ್ನು ಓದಿ.